ನಿಮ್ಮ ಪಾತ್ರದ ಮಾಂತ್ರಿಕ ವಸ್ತುಗಳು: ಆರಿಸುವುದು, ಇಡುವುದು, ಬಳಸುವುದು

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇ ಆಟ ಶುರುವಾಗಿ ಕೆಲವು ತಿಂಗಳಾದ ಮೇಲೆ ಯಾರದಾದರೂ ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರ ಬರೆದ ಹಾಳೆ) ತಿರುಗಿಸಿ ನೋಡಿ. ಹಿಂದಿನ ಪುಟದಲ್ಲಿ ಒಂದು ಉದ್ದ ಪಟ್ಟಿ ಇರುತ್ತದೆ. ಒಂದು ಉಂಗುರ, ಒಂದು ಜೊತೆ ಬೂಟು, ಮೂರು ಥರದ ಪೋಶನ್ (ಮಾಂತ್ರಿಕ ಔಷಧ), ಯಾವುದೋ ಗುಹೆಯಲ್ಲಿ ಸಿಕ್ಕ ತಲೆಬುರುಡೆ, ಯಾವ ಬಾಗಿಲಿನದು ಅಂತ ಯಾರಿಗೂ ನೆನಪಿಲ್ಲದ ಕೀಲಿ. ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಆದರೆ ಅಪಾಯ ಎದುರಿಗೆ ಬಂದಾಗ ಬಳಕೆಗೆ ಬರುವುದು ಅದೇ ಹಳೆಯ ಕತ್ತಿ, ಅದೇ ಹಳೆಯ ಸ್ಪೆಲ್ (ಮಂತ್ರ). ಇದು ಆಟಗಾರರ ಮರೆವು ಅಲ್ಲ. ಪಟ್ಟಿಯಲ್ಲಿ ಸುಮ್ನೆ ಬರೆದಿಟ್ಟ ಹೆಸರಿಗೆ ಮೈಮೇಲೆ ಒಂದು ಜಾಗ ಇರುವುದಿಲ್ಲ, ಎಲ್ಲಿಂದ ಬಂತು ಅನ್ನುವ ಕಥೆ ಇರುವುದಿಲ್ಲ, ಬಳಸಿದರೆ ಏನು ಕಳೆದುಕೊಳ್ಳುತ್ತೇವೆ ಅನ್ನುವ ಲೆಕ್ಕವೂ ಇರುವುದಿಲ್ಲ. ಈ ಮೂರನ್ನೂ ಕೊಟ್ಟರೆ ವಸ್ತು ತಾನಾಗಿ ಆಟದೊಳಗೆ ಬರುತ್ತದೆ. ಅದರಲ್ಲೂ ಜಾಗಕ್ಕೆ ನಾನು ಜಾಸ್ತಿ ಮಹತ್ವ ಕೊಡುತ್ತೇನೆ, ಯಾಕೆಂದರೆ ಅದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ.

ಕೆಳಗಿನ ಲೆಕ್ಕಗಳೆಲ್ಲ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 2014ರ ಐದನೇ ಆವೃತ್ತಿಯವು. 2024ರ ಪರಿಷ್ಕೃತ ನಿಯಮಗಳಲ್ಲಿ ಬದಲಾಗಿದ್ದು ಮುಖ್ಯ ಅನಿಸಿದ ಕಡೆ ಹೇಳುತ್ತೇನೆ. ಬೇರೆ ಆಟ ಆಡುವವರು ಸಂಖ್ಯೆಗಳನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಬಹುದು.

ಹೆಜ್ಜೆ 1: ಪಟ್ಟಿ ಹರಿದು, ಮೈಯನ್ನು ಬರೆಯಿರಿ

ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಅದರಲ್ಲಿ ಐದು ಜಾಗ ಮಾಡಿ: ಕೈ, ಸೊಂಟ, ಮೈಮೇಲೆ ತೊಟ್ಟಿದ್ದು, ಬೆನ್ನ ಚೀಲ, ಅಡಗಿಸಿಟ್ಟಿದ್ದು. ಈಗ ನಿಮ್ಮ ಪಾತ್ರದ ಹತ್ತಿರ ಇರುವ ಪ್ರತಿಯೊಂದನ್ನೂ ಈ ಐದರಲ್ಲಿ ಒಂದು ಕಡೆ ಹಾಕಿ. ಎಲ್ಲಿಯೂ ಹಾಕಲು ಆಗದ ವಸ್ತು ನಿಮ್ಮ ಬಳಿ ಇಲ್ಲ ಎಂದೇ ಅರ್ಥ, ಅದನ್ನು ಯಾರಿಗಾದರೂ ಕೊಡಿ ಅಥವಾ ಮಾರಿ.

ಇದು ಬರೀ ಅಂದದ ವಿಷಯ ಅಲ್ಲ. ನಿಯಮಗಳ ಪ್ರಕಾರ ನಿಮ್ಮ ಸರದಿಯಲ್ಲಿ ಒಂದು ವಸ್ತುವನ್ನು ಮುಟ್ಟುವುದು, ಎಳೆಯುವುದು, ತೆರೆಯುವುದು ಉಚಿತ. ಎರಡನೆಯದಕ್ಕೆ ಕೈ ಹಾಕಿದರೆ ಸಾಮಾನ್ಯವಾಗಿ ನಿಮ್ಮ ಆಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸ, ಹೋಗುತ್ತದೆ. ಎಲ್ಲರಿಗೂ ಇಷ್ಟವಾದ, ಹೊರಗೆ ಕಾಣುವುದಕ್ಕಿಂತ ಒಳಗೆ ಹೆಚ್ಚು ಹಿಡಿಯುವ ಮಾಂತ್ರಿಕ ಚೀಲವಾದ ಬ್ಯಾಗ್ ಆಫ್ ಹೋಲ್ಡಿಂಗ್‌ನಿಂದ ಏನನ್ನು ತೆಗೆಯಬೇಕಿದ್ದರೂ ಒಂದು ಪೂರ್ತಿ ಆಕ್ಷನ್ ಬೇಕು. ಹಾಗಾದರೆ ಗಾಯ ಮಾಯಿಸುವ ಪೋಶನ್ ಆ ಚೀಲದಲ್ಲಿದ್ದರೆ ಏನಾಗುತ್ತದೆ ಯೋಚಿಸಿ. ಒಂದು ಸರದಿ ತೆಗೆಯಲು, 2014ರ ನಿಯಮದಲ್ಲಿ ಇನ್ನೊಂದು ಸರದಿ ಕುಡಿಯಲು. ಅಷ್ಟರಲ್ಲಿ ಪಕ್ಕದಲ್ಲಿ ಬಿದ್ದ ಗೆಳೆಯ ಸತ್ತೇ ಹೋಗಿರಬಹುದು. 2024ರಲ್ಲಿ ಪೋಶನ್ ಕುಡಿಯುವುದನ್ನು ಬೋನಸ್ ಆಕ್ಷನ್ (ಅದೇ ಸರದಿಯ ಹೆಚ್ಚುವರಿ ಸಣ್ಣ ಕೆಲಸ) ಮಾಡಿದ್ದಾರೆ, ಆದರೂ ಚೀಲದಿಂದ ತೆಗೆಯುವ ಆಕ್ಷನ್ ತಪ್ಪುವುದಿಲ್ಲ. ಪೋಶನ್ ಯಾವಾಗಲೂ ಸೊಂಟದಲ್ಲಿರಲಿ. ಎಡಕ್ಕೋ ಬಲಕ್ಕೋ ಅದನ್ನೂ ಬರೆಯಿರಿ, ಬಲಗೈಗೆ ಪೆಟ್ಟು ಬಿದ್ದ ದಿನ ಆಟ ನಡೆಸುವ ಗೇಮ್ ಮಾಸ್ಟರ್ ಅದನ್ನು ಕೇಳಿಯೇ ಕೇಳುತ್ತಾರೆ.

ಕಳ್ಳನ ಕೈ, ಬೆಂಕಿ, ನದಿ, ಜೈಲಿನ ಕಾವಲುಗಾರರ ತಪಾಸಣೆ, ಇವೆಲ್ಲ ಬಂದಾಗಲೂ ಈ ಹಾಳೆಯೇ ಉತ್ತರ ಕೊಡುತ್ತದೆ. ಸೊಂಟದ್ದು ಮೊದಲು ಹೋಗುತ್ತದೆ, ಬೂಟಿನ ಅಡಿಯಲ್ಲಿ ಹೊಲಿದದ್ದು ಉಳಿಯುತ್ತದೆ. ಇದರಿಂದ ಗೇಮ್ ಮಾಸ್ಟರ್ ಜೊತೆ ವಾದವೂ ಕಡಿಮೆ ಆಗುತ್ತದೆ, ಯಾಕೆಂದರೆ ಎಲ್ಲಿತ್ತು ಅನ್ನುವುದನ್ನು ನೀವು ಮೊದಲೇ ತೀರ್ಮಾನಿಸಿ ಬರೆದಿದ್ದೀರಿ.

ಹೆಜ್ಜೆ 2: ತೂಕ ಒಮ್ಮೆ ಕೂಡಿಸಿ ನೋಡಿ

ಇದನ್ನು ಬೇಗ ಮುಗಿಸೋಣ. ಸ್ಟ್ರೆಂತ್ (ದೇಹಬಲ) ಅಂಕವನ್ನು 15ರಿಂದ ಗುಣಿಸಿದರೆ ಹೊರಬಹುದಾದ ತೂಕ ಪೌಂಡ್‌ಗಳಲ್ಲಿ ಸಿಗುತ್ತದೆ. ಸ್ಟ್ರೆಂತ್ 8 ಇರುವ ಮಾಂತ್ರಿಕ 120 ಪೌಂಡ್ ಹೊರುತ್ತಾನೆ. ನಾಣ್ಯಗಳನ್ನು ಮರೆಯಬೇಡಿ, 50 ನಾಣ್ಯಕ್ಕೆ ಒಂದು ಪೌಂಡ್. ಬ್ಯಾಗ್ ಆಫ್ ಹೋಲ್ಡಿಂಗ್ ಒಳಗೆ 500 ಪೌಂಡ್ ಹಿಡಿಯುತ್ತದೆ, ಆದರೆ ಖಾಲಿ ಇದ್ದರೂ ತುಂಬಿದ್ದರೂ ಅದರ ತೂಕ 15 ಪೌಂಡ್. ಮಿತಿ ಮೀರಿ ತುಂಬಿದರೆ, ಚೂಪಾದ್ದು ಚುಚ್ಚಿದರೆ, ಹರಿದರೆ, ಚೀಲ ನಾಶವಾಗಿ ಒಳಗಿದ್ದದ್ದೆಲ್ಲ ಆಸ್ಟ್ರಲ್ ಪ್ಲೇನ್ ಎಂಬ ಬೇರೆ ಲೋಕದಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಹಾಗಾಗಿ ಒರೆ ಇಲ್ಲದ ಕತ್ತಿಯನ್ನು ಅದರೊಳಗೆ ತುರುಕಬೇಡಿ. ಅದೇ ಥರದ ಇನ್ನೊಂದು ಚೀಲವನ್ನೋ ಪೋರ್ಟಬಲ್ ಹೋಲ್ ಎಂಬ ಮಡಚಿ ಒಯ್ಯಬಹುದಾದ ಮಾಂತ್ರಿಕ ಗುಂಡಿಯನ್ನೋ ಅದರೊಳಗೆ ಹಾಕಿದರಂತೂ ಎರಡೂ ನಾಶವಾಗಿ, 10 ಅಡಿ ಒಳಗಿನ ಎಲ್ಲರನ್ನೂ ಆ ಲೋಕಕ್ಕೆ ಎಳೆದುಕೊಂಡು ಹೋಗುತ್ತವೆ.

ಹೆಜ್ಜೆ 3: ಮೂರೇ ಮೂರು ಬಂಧ

ಶಕ್ತಿ ಇರುವ ವಸ್ತುಗಳಲ್ಲಿ ತುಂಬಾ ಅಟ್ಯೂನ್‌ಮೆಂಟ್ ಕೇಳುತ್ತವೆ. ಅಂದರೆ ಪಾತ್ರ ಒಂದು ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) ಪೂರ್ತಿ, ಕನಿಷ್ಠ ಒಂದು ಗಂಟೆ, ಆ ವಸ್ತುವಿನ ಜೊತೆಗೇ ಕೂತು ಅದಕ್ಕೆ ಹೊಂದಿಕೊಳ್ಳಬೇಕು. ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಇಟ್ಟುಕೊಳ್ಳಲು ಆಗುವುದಿಲ್ಲ. ಸತ್ತರೆ ಬಂಧ ಕಡಿಯುತ್ತದೆ, ಬೇರೆಯವರು ಬಂಧ ಬೆಸೆದರೂ ಕಡಿಯುತ್ತದೆ, ವಸ್ತುವಿನಿಂದ 100 ಅಡಿಗಿಂತ ದೂರ 24 ಗಂಟೆ ಇದ್ದರೂ ಕಡಿಯುತ್ತದೆ.

ಇಡೀ ನಿಯಮಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ನಿಯಮಗಳಲ್ಲಿ ಇದೂ ಒಂದು. ಯಾವ ಮೂರು ಅಂತ ಕೇಳಿದ ಕೂಡಲೇ ಪಾತ್ರ ಎಂಥದ್ದು ಅಂತ ಗೊತ್ತಾಗಿಬಿಡುತ್ತದೆ. ಹೆಚ್ಚಿನವರು ಮೂರನ್ನೂ ಹೊಡೆದಾಟಕ್ಕೇ ಕೊಡುತ್ತಾರೆ. ನನ್ನ ಸಲಹೆ ಬೇರೆ: ಒಂದು ನಿಮ್ಮನ್ನು ಉಳಿಸುವಂಥದ್ದಾಗಿರಲಿ, ಒಂದು ನಿಮ್ಮ ಮುಖ್ಯ ಕೆಲಸಕ್ಕೆ ಬಲ ಕೊಡುವಂಥದ್ದಾಗಿರಲಿ, ಮೂರನೆಯದು ಸಂಖ್ಯೆ ಏರಿಸದೆ ಹೊಸ ದಾರಿ ತೆರೆಯುವಂಥದ್ದಾಗಿರಲಿ. ಹಾರುವುದು, ನೀರೊಳಗೆ ಉಸಿರಾಡುವುದು, ಗೋಡೆ ಹತ್ತುವುದು, ಇನ್ನೊಬ್ಬರ ಮನಸ್ಸು ಓದುವುದು. +1 ಸಿಕ್ಕರೆ ಡೈಸ್ ಸ್ವಲ್ಪ ಬದಲಾಗುತ್ತದೆ. ಗೋಡೆ ಹತ್ತಲು ಬಂದರೆ ಗೇಮ್ ಮಾಸ್ಟರ್ ಬಾಗಿಲಿಗೆ ಹಾಕಿದ ಬೀಗಕ್ಕೆ ಅರ್ಥವೇ ಇರುವುದಿಲ್ಲ, ನೀವು ಕಿಟಕಿಯಿಂದ ಒಳಗೆ ಹೋಗಿರುತ್ತೀರಿ.

ಅಟ್ಯೂನ್‌ಮೆಂಟ್ ಕೇಳದ ವಸ್ತುಗಳಲ್ಲೂ ಚಿನ್ನದಂಥವು ಇವೆ. ಇಮ್ಮೂವಬಲ್ ರಾಡ್ ಒಂದು ಕಬ್ಬಿಣದ ಸರಳು ಅಷ್ಟೇ, ಗುಂಡಿ ಒತ್ತಿದರೆ ಗಾಳಿಯಲ್ಲೇ ನಿಂತುಬಿಡುತ್ತದೆ, 8,000 ಪೌಂಡ್‌ವರೆಗೆ ತಡೆಯುತ್ತದೆ. ಬಾಗಿಲಿಗೆ ಅಡ್ಡ ಹಾಕಬಹುದು, ಪ್ರಪಾತದಲ್ಲಿ ಹಗ್ಗ ಕಟ್ಟಬಹುದು, ಕುಸಿಯುತ್ತಿರುವ ಚಾವಣಿಗೆ ಊರುಗೋಲು ಕೊಡಬಹುದು. ಇಂಥ ಒಂದು ಕೈಗೆ ಸಿಕ್ಕರೆ ಯಾವ ಬೆಲೆಗೂ ಮಾರಬೇಡಿ.

ಹೆಜ್ಜೆ 4: ಮಂತ್ರ ಹಾಕುವವರ ಉಪಕರಣಗಳು

ಸ್ಪೆಲ್ ಹಾಕಲು ಮಾತು, ಕೈಸನ್ನೆ, ಸಾಮಗ್ರಿ ಈ ಮೂರರಲ್ಲಿ ಒಂದೋ ಹೆಚ್ಚೋ ಬೇಕು. ಸಾಮಗ್ರಿಗೆ ಎರಡು ದಾರಿ. ಒಂದು, ಕಾಂಪೊನೆಂಟ್ ಪೌಚ್, 25 ಚಿನ್ನದ ನಾಣ್ಯದ ಸಣ್ಣ ಚರ್ಮದ ಚೀಲ. ಇನ್ನೊಂದು, ಸಾಮಗ್ರಿಯ ಬದಲು ಹಿಡಿಯುವ ಫೋಕಸ್: ಹರಳು, ಗೋಳ, ದಂಡ, ಕೋಲು, ವಾಂಡ್ (ಸಣ್ಣ ಮಂತ್ರದಂಡ), ಹೀಗೆ ಯಾವುದಾದರೂ. ಪೂಜಾರಿ ಪಾತ್ರಗಳಿಗೆ ಆ ಜಾಗದಲ್ಲಿ ದೇವರ ಲಾಂಛನ ಇರುತ್ತದೆ.

ಇಲ್ಲಿ ಎರಡು ವಿಷಯ ನೆನಪಿರಲಿ. ಮೊದಲನೆಯದು ಕೈ. ಸಾಮಗ್ರಿ ಹಿಡಿಯಲು ಒಂದು ಕೈ ಬಿಡುವಾಗಿರಬೇಕು, ಅದೇ ಕೈಯಿಂದ ಸನ್ನೆಯನ್ನೂ ಮಾಡಬಹುದು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದವರಿಗೆ ಇದು ನಿಜವಾದ ತೊಂದರೆ. ಕ್ಲೆರಿಕ್ (ಪೂಜಾರಿ) ಮತ್ತು ಪಾಲಡಿನ್‌ಗಳು (ವ್ರತ ತೊಟ್ಟ ಯೋಧರು) ಲಾಂಛನವನ್ನು ಗುರಾಣಿ ಮೇಲೇ ಬಿಡಿಸಿಕೊಂಡರೆ ಸಾಮಗ್ರಿ ಬೇಕಾದ ಸ್ಪೆಲ್‌ಗಳಿಗೆ ಅದೇ ಸಾಕು.

ಎರಡನೆಯದು ಬೆಲೆ. ಸ್ಪೆಲ್‌ನ ವಿವರದಲ್ಲಿ ಸಾಮಗ್ರಿಗೆ ಬೆಲೆ ಬರೆದಿದ್ದರೆ ಫೋಕಸ್ ಆಗಲಿ ಪೌಚ್ ಆಗಲಿ ಅದಕ್ಕೆ ಬದಲಿ ಆಗುವುದಿಲ್ಲ. ರಿವಿವಿಫೈ ಸ್ಪೆಲ್ ಸತ್ತು ಒಂದು ನಿಮಿಷದ ಒಳಗಿರುವವರನ್ನು ಬದುಕಿಸುತ್ತದೆ, ಅದಕ್ಕೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಹಾಕಿದ ಮೇಲೆ ವಜ್ರ ಇಲ್ಲವಾಗುತ್ತದೆ. ವಸ್ತುವಿನ ಗುಣ ತಿಳಿಸುವ ಐಡೆಂಟಿಫೈಗೆ 100 ನಾಣ್ಯದ ಮುತ್ತು ಬೇಕು, ಆದರೆ ಅದು ಉಳಿಯುತ್ತದೆ. ಪ್ರಾಣಿರೂಪದ ಸಂಗಾತಿಯನ್ನು ಕರೆಸುವ ಫೈಂಡ್ ಫ್ಯಾಮಿಲಿಯರ್‌ಗೆ 10 ನಾಣ್ಯದ ಇದ್ದಿಲು, ಧೂಪ, ಗಿಡಮೂಲಿಕೆಗಳನ್ನು ಹಿತ್ತಾಳೆ ಅಗ್ಗಿಷ್ಟಿಕೆಯಲ್ಲಿ ಸುಡಬೇಕು. ಪೇಟೆಗೆ ಹೋದಾಗಲೇ ಇವನ್ನು ಕೊಂಡು, ಯಾವ ಸ್ಪೆಲ್‌ಗೆ ಯಾವುದು ಅಂತ ಹಾಳೆಯಲ್ಲಿ ಬೇರೆಯಾಗಿ ಬರೆದಿಡಿ. ರಿವಿವಿಫೈ ವಜ್ರ ಒಬ್ಬ ಕ್ಲೆರಿಕ್ ಹತ್ತಿರ ಮಾತ್ರ ಇದ್ದು, ಆ ಕ್ಲೆರಿಕ್ ವಜ್ರದ ಜೊತೆಗೇ ಬಾವಿಗೆ ಬಿದ್ದರೆ ಕೆಲಸ ಕೆಟ್ಟಿತು. ಕೊಂಡ ವಜ್ರಗಳನ್ನು ಇಬ್ಬರು ಹಂಚಿಕೊಂಡು ಇಟ್ಟುಕೊಳ್ಳಿ.

ವಿಝರ್ಡ್ (ಪುಸ್ತಕ ಓದಿ ಮಂತ್ರ ಕಲಿತ ಪಾತ್ರ) ಆಡುವವರಿಗೆ ಇನ್ನೊಂದು ಮಾತು. ಸ್ಪೆಲ್‌ಬುಕ್ ಕಳೆದರೆ ನಿಮ್ಮ ವಿದ್ಯೆಯ ಬಹುಪಾಲು ಕಳೆದಂತೆಯೇ. ಹೊಸ ಸ್ಪೆಲ್ ಬರೆದುಕೊಳ್ಳಲು ಆ ಸ್ಪೆಲ್‌ನ ಪ್ರತಿ ಹಂತಕ್ಕೆ (ಲೆವೆಲ್) 2 ಗಂಟೆ ಮತ್ತು 50 ಚಿನ್ನದ ನಾಣ್ಯ ಬೇಕು. ಆದರೆ ನಿಮ್ಮದೇ ಪುಸ್ತಕದಿಂದ ಇನ್ನೊಂದು ಪ್ರತಿ ಮಾಡಲು ಹಂತಕ್ಕೆ 1 ಗಂಟೆ, 10 ನಾಣ್ಯ ಸಾಕು. ಇಷ್ಟು ಕಡಿಮೆಗೆ ಸಿಗುವ ರಕ್ಷಣೆ ಆಟದಲ್ಲಿ ಇನ್ನೊಂದಿಲ್ಲ. ಬಿಡುವಿನ ದಿನಗಳಲ್ಲಿ ಪ್ರತಿ ಮಾಡಿ, ನಂಬುವ ಯಾರ ಬಳಿಯಾದರೂ ಇಡಿ.

ಹೆಜ್ಜೆ 5: ಗೂಢವಿದ್ಯೆಯ ವಸ್ತುಗಳಿಗೆ ನಿಜವಾದ ಇತಿಹಾಸದಿಂದ ಬೀಜ ತನ್ನಿ

ನಿಯಮಪುಸ್ತಕದ ವಸ್ತುಗಳು ಎಲ್ಲರ ಹತ್ತಿರವೂ ಇರುತ್ತವೆ. ನಿಮ್ಮ ಪಾತ್ರದ್ದೇ ಅನಿಸುವ ವಸ್ತು ಬೇಕಿದ್ದರೆ ಜನ ನಿಜವಾಗಿ ನಂಬಿ ಬಳಸಿದ ಉಪಕರಣಗಳನ್ನು ನೋಡಿ. ಅವುಗಳಲ್ಲಿ ಆಟಕ್ಕೆ ಬೇಕಾದ ವಿವರ ಮೊದಲೇ ತುಂಬಿರುತ್ತದೆ.

16ನೇ ಶತಮಾನದ ಇಂಗ್ಲೆಂಡಿನಲ್ಲಿ ಒಂದನೇ ಎಲಿಜಬೆತ್ ರಾಣಿಗೆ ಸಲಹೆ ಕೊಡುತ್ತಿದ್ದ ಜಾನ್ ಡೀ ಎಂಬ ಗಣಿತಜ್ಞನ ಹೆಸರಿಗೆ ಅಂಟಿಕೊಂಡ ಒಂದು ಕಪ್ಪು ಕನ್ನಡಿ ಇದೆ. ಅದು ಗಾಜಿನದಲ್ಲ, ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಶಿಲೆಯದು. ಮೆಕ್ಸಿಕೋದ ಅಜ್ಟೆಕ್ ಜನರ ಕೈಯಲ್ಲಿ ತಯಾರಾಗಿದ್ದು. ಆ ಕಲ್ಲು ಪಚೂಕಾ ಪ್ರದೇಶದ್ದು ಅಂತ 2021ರಲ್ಲಿ ಸಂಶೋಧಕರು ತೋರಿಸಿದರು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನನಗೆ ಇದಕ್ಕಿಂತ ಜಾಸ್ತಿ ಹಿಡಿಸುವುದು ಡೀ ಕೆಲಸ ಮಾಡುತ್ತಿದ್ದ ರೀತಿ. ಹರಳಿನೊಳಗೆ ದೇವತೆಗಳನ್ನು ನೋಡಲು ಅವನು ಎಡ್ವರ್ಡ್ ಕೆಲ್ಲಿ ಎಂಬಾತನನ್ನು ಕೂರಿಸುತ್ತಿದ್ದ. ಕೆಲ್ಲಿ ಕಂಡದ್ದನ್ನು ಹೇಳುತ್ತಿದ್ದ, ಡೀ ಬರೆದುಕೊಳ್ಳುತ್ತಿದ್ದ. ಇದನ್ನು ನೇರವಾಗಿ ಆಟಕ್ಕೆ ತನ್ನಿ: ವಸ್ತು ನಿಮ್ಮದು, ಆದರೆ ಅದರಲ್ಲಿ ಕಾಣುವುದು ಗುಂಪಿನ ಇನ್ನೊಬ್ಬರಿಗೆ ಮಾತ್ರ. ಗೇಮ್ ಮಾಸ್ಟರ್ ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದು ಆ ಆಟಗಾರರಿಗೆ ಮಾತ್ರ ಕೊಡಲಿ. ಅವರು ಪೂರ್ತಿ ನಿಜ ಹೇಳುತ್ತಾರಾ ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ. ಒಂದೇ ವಸ್ತು ಇಬ್ಬರು ಪಾತ್ರಗಳನ್ನು ಇಡೀ ಆಟದ ಕಥೆಯುದ್ದಕ್ಕೂ ಕಟ್ಟಿಹಾಕುತ್ತದೆ.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಮಾಟ ತಗುಲಿದೆ ಅಂತ ಹೆದರಿದವರು ಮಣ್ಣಿನ ಜಾಡಿಯಲ್ಲಿ ಮೊಳೆ, ಗುಂಡುಸೂಜಿ, ಕೂದಲು, ಮೂತ್ರ ತುಂಬಿ ಒಲೆಯ ಅಡಿಯಲ್ಲೋ ಹೊಸಿಲ ಅಡಿಯಲ್ಲೋ ಹೂಳುತ್ತಿದ್ದರು. ಮಾಟ ಜಾಡಿಯೊಳಗೆ ಸಿಕ್ಕಿಬಿದ್ದು ಮಾಡಿದವರಿಗೇ ತಿರುಗುತ್ತದೆ ಅನ್ನುವ ನಂಬಿಕೆ. ಆಟದಲ್ಲಿ ಇದು ತುಂಬಾ ಒಳ್ಳೆಯ ಕಾವಲು ವಸ್ತು. ರಾತ್ರಿ ತಂಗುವ ಜಾಗದಲ್ಲಿ ಹೂತಿಡಬೇಕು, ಬೆಳಿಗ್ಗೆ ಅಗೆಯಲು ಸಮಯ ಬೇಕು, ಓಡಿಹೋಗಬೇಕಾಗಿ ಬಂದರೆ ಬಿಟ್ಟು ಹೋಗಬೇಕು. ಬಿಟ್ಟರೆ ಅದರಲ್ಲಿ ನಿಮ್ಮದೇ ಕೂದಲಿದೆ, ಅದು ಶತ್ರುವಿನ ಕೈಗೆ ಸಿಗುತ್ತದೆ.

1888ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗುಪ್ತ ಸಂಘದಲ್ಲಿ ನಾಲ್ಕು ತತ್ವಗಳಿಗೆ ನಾಲ್ಕು ಉಪಕರಣ ಇದ್ದವು. ಬೆಂಕಿಗೆ ದಂಡ, ನೀರಿಗೆ ಬಟ್ಟಲು, ಗಾಳಿಗೆ ಕಠಾರಿ, ಭೂಮಿಗೆ ತಟ್ಟೆಯಾಕಾರದ ಪೆಂಟಕಲ್. ಮೇಲಿನ ಮಟ್ಟಕ್ಕೆ ಹೋದವರು ಇವನ್ನು ತಾವೇ ಮಾಡಿಕೊಳ್ಳಬೇಕಿತ್ತು. ಈ ಕೊನೆಯ ವಿಷಯವನ್ನು ಗಮನಿಸಿ. ಅಂಗಡಿಯಲ್ಲಿ ಕೊಂಡ ವಾಂಡ್‌ಗೂ ಪಾತ್ರ ತಾನೇ ಕೆತ್ತಿದ ವಾಂಡ್‌ಗೂ ಅಜಗಜಾಂತರ. ಮರ ಯಾವುದು, ಎಲ್ಲಿ ಕಡಿದದ್ದು, ಕೆತ್ತುವಾಗ ಚಾಕು ಎಲ್ಲಿ ಜಾರಿತು, ಈ ಮೂರು ಪ್ರಶ್ನೆಗೆ ಉತ್ತರ ಬರೆದರೆ ಸಾಕು.

ಟ್ಯಾರೋ ಎಲೆಗಳು 15ನೇ ಶತಮಾನದ ಇಟಲಿಯಲ್ಲಿ ಇಸ್ಪೀಟಿನಂತೆ ಆಡಲು ಹುಟ್ಟಿದವು. ಭವಿಷ್ಯ ಹೇಳಲು ಅವನ್ನು ವ್ಯಾಪಕವಾಗಿ ಬಳಸತೊಡಗಿದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸ್‌ನಲ್ಲಿ. 78 ಎಲೆ, ಅದರಲ್ಲಿ 22 ದೊಡ್ಡ ಅರ್ಕಾನಾ ಎಂಬ ವಿಶೇಷ ಚಿತ್ರದ ಎಲೆ. ನಿಮ್ಮ ಪಾತ್ರ ಟ್ಯಾರೋ ಓದುವವರಾಗಿದ್ದರೆ ಆಟ ಶುರುವಾಗುವ ಮೊದಲು ನಿಜವಾದ ಎಲೆ ಒಂದನ್ನು ಎಳೆದು ಮೇಜಿನ ಮೇಲೆ ಇಡಿ. ಅವತ್ತಿನ ಆಟದಲ್ಲಿ ಆ ಚಿತ್ರಕ್ಕೆ ಹೊಂದುವ ಒಂದು ಸಂದರ್ಭ ಬಂದಾಗ ನಿಮಗೆ ಒಂದು ಡೈಸನ್ನು ಮತ್ತೆ ಹಾಕುವ ಅವಕಾಶ ಅಂತ ಗೇಮ್ ಮಾಸ್ಟರ್ ಜೊತೆ ಮೊದಲೇ ಮಾತಾಡಿಕೊಳ್ಳಿ.

ಒಂದು ಎಚ್ಚರಿಕೆ. ಈ ವಸ್ತುಗಳಲ್ಲಿ ಕೆಲವು ಇವತ್ತಿಗೂ ಯಾರದೋ ಶ್ರದ್ಧೆಯ ಭಾಗ. ಮೇಜಿನ ಸುತ್ತ ಕೂತವರಲ್ಲಿ ಮಾಟ, ಪ್ರೇತ, ರಕ್ತದ ವಿಧಿಗಳು ಅಂದರೆ ನಿಜವಾಗಿ ಮನಸ್ಸು ಕೆಡುವವರೂ ಇರಬಹುದು. ಮೊದಲ ಆಟಕ್ಕೂ ಮುಂಚೆ, ಎಲ್ಲರೂ ಕೂತು ನಿಯಮ ಮಾತಾಡುವ ದಿನವೇ, ಏನು ಬೇಡ ಅಂತ ಕೇಳಿಬಿಡಿ. ಯಾರಾದರೂ ಬೇಡ ಅಂದರೆ ಕಾರಣ ಕೇಳದೆ ಬಿಟ್ಟುಬಿಡಿ.

ಹೆಜ್ಜೆ 6: ಪ್ರತಿ ವಸ್ತುವಿಗೂ ಒಂದು ಬೆಲೆ ಕಟ್ಟಿ

ಬೆಲೆ ಅಂದರೆ ಚಿನ್ನ ಅಲ್ಲ, ಬಳಸಿದಾಗ ಪಾತ್ರ ಕಳೆದುಕೊಳ್ಳುವುದು. ಕೆಲವಕ್ಕೆ ನಿಯಮದಲ್ಲೇ ಇದೆ. ವಾಂಡ್ ಆಫ್ ಮ್ಯಾಜಿಕ್ ಮಿಸೈಲ್ಸ್‌ಗೆ 7 ಚಾರ್ಜ್, ಅಂದರೆ ಬಳಸಿದಂತೆ ಖರ್ಚಾಗುವ ಶಕ್ತಿ. ಪ್ರತಿದಿನ ಬೆಳಗಾಗುವಾಗ ಒಂದು ಡಿ6 (ಆರು ಮುಖದ ಡೈಸ್) ಹಾಕಿ ಬಂದದ್ದಕ್ಕೆ 1 ಸೇರಿಸಿದಷ್ಟು ಮರಳಿ ಬರುತ್ತದೆ. ಕೊನೆಯ ಚಾರ್ಜನ್ನೂ ಖರ್ಚು ಮಾಡಿದರೆ ಡಿ20 (ಇಪ್ಪತ್ತು ಮುಖದ ಡೈಸ್) ಹಾಕಬೇಕು, 1 ಬಿದ್ದರೆ ವಾಂಡ್ ಬೂದಿ. ಈ ಕೊನೆಯ ಸಾಲಿಂದಾಗಿ ಆರು ಚಾರ್ಜ್ ಮುಗಿದ ವಾಂಡ್ ಕೈಯಲ್ಲಿದ್ದಾಗ ಇಡೀ ಮೇಜು ಉಸಿರು ಬಿಗಿಹಿಡಿಯುತ್ತದೆ.

1981ರಲ್ಲಿ ಬಂದ ಕಾಲ್ ಆಫ್ ಕಥೂಲು ಎಂಬ ಭಯಾನಕ ಕಥೆಯ ಆಟದಲ್ಲಿ ಬೆಲೆ ಇನ್ನೂ ಕಠಿಣ. ಅಲ್ಲಿ ನಿಷಿದ್ಧ ಗ್ರಂಥ ಓದಿದರೆ ಕಥೂಲು ಮಿಥೋಸ್ ಜ್ಞಾನ (ಆ ಲೋಕದ ಭೀಕರ ಶಕ್ತಿಗಳ ಅರಿವು) ಏರುತ್ತದೆ, ಅದು ಏರಿದಷ್ಟೂ ಪಾತ್ರದ ಮಾನಸಿಕ ಸ್ವಾಸ್ಥ್ಯದ ಗರಿಷ್ಠ ಮಿತಿ ಇಳಿಯುತ್ತದೆ, ಮತ್ತೆ ಮೇಲೇರುವುದಿಲ್ಲ. ಪುಸ್ತಕ ತೆರೆಯಬೇಕಾ ಬೇಡವಾ ಅನ್ನುವ ಚರ್ಚೆಯೇ ಅಲ್ಲಿ ಅರ್ಧ ಆಟ.

ನಿಮ್ಮ ಆಟದ ವಸ್ತುವಿಗೆ ಇಂಥ ಬೆಲೆ ಇಲ್ಲದಿದ್ದರೆ ನೀವೇ ಸೂಚಿಸಿ. ಸಣ್ಣದಿರಲಿ, ಆದರೆ ಕಣ್ಣಿಗೆ ಕಾಣುವಂತಿರಲಿ. ಬೆಳಕು ಕೊಡುವ ಲಾಂದ್ರ ಬಳಸಿದ ರಾತ್ರಿ ನಿದ್ದೆ ಬರುವುದಿಲ್ಲ. ಸತ್ತವರ ಮಾತು ಕೇಳಿಸುವ ಮೂಳೆಯನ್ನು ಕಿವಿಗೆ ಹಿಡಿದರೆ ಮುಂದಿನ ಒಂದು ಗಂಟೆ ಬದುಕಿರುವವರ ಪಿಸುಮಾತು ಕೇಳಿಸುವುದಿಲ್ಲ. ಆಟಗಾರರೇ ಬೆಲೆ ಕೇಳಿಕೊಂಡು ಬಂದರೆ ಬೇಡ ಅನ್ನುವ ಗೇಮ್ ಮಾಸ್ಟರ್ ಅಪರೂಪ. ಅದಕ್ಕೆ ಪ್ರತಿಯಾಗಿ ವಸ್ತುವಿನ ಶಕ್ತಿಯನ್ನು ಸ್ವಲ್ಪ ಹೆಚ್ಚಿಸಲು ಒಪ್ಪುವವರೇ ಜಾಸ್ತಿ.

ಹೆಜ್ಜೆ 7: ಗೊತ್ತಿಲ್ಲದ್ದನ್ನು ತೊಡಬೇಡಿ

ಹೊಸ ವಸ್ತು ಸಿಕ್ಕರೆ ಮೊದಲು ಮಾಯೆ ಇದೆಯಾ ಅಂತ ತೋರಿಸುವ ಡಿಟೆಕ್ಟ್ ಮ್ಯಾಜಿಕ್ ಸ್ಪೆಲ್. ರಿಚುವಲ್ (ನಿಧಾನದ ವಿಧಿ) ಆಗಿ ಹಾಕಿದರೆ 10 ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಸ್ಪೆಲ್ ಸ್ಲಾಟ್, ಅಂದರೆ ಸ್ಪೆಲ್ ಹಾಕಲು ಸಿಗುವ ಸೀಮಿತ ಅವಕಾಶ, ಉಳಿಯುತ್ತದೆ. ಆಮೇಲೆ ಐಡೆಂಟಿಫೈ, ಇಲ್ಲದಿದ್ದರೆ ಒಂದು ಶಾರ್ಟ್ ರೆಸ್ಟ್ ಪೂರ್ತಿ ಅದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದರೂ ಗುಣ ಗೊತ್ತಾಗುತ್ತದೆ. ಪೋಶನ್ ಆದರೆ ನಾಲಿಗೆಗೆ ಸ್ವಲ್ಪ ತಾಗಿಸಿದರೆ ಸಾಕು.

ಆದರೆ ಶಾಪ ಇದ್ದರೆ ಈ ಯಾವ ದಾರಿಯಲ್ಲೂ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ, ಐಡೆಂಟಿಫೈ ಕೂಡ ಅದನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ವಸ್ತುವಿನ ಬಗ್ಗೆ ಅಲ್ಲ, ಹಿಂದಿನ ಒಡೆಯರ ಬಗ್ಗೆ ವಿಚಾರಿಸಿ. ಯಾರ ಕೈಯಲ್ಲಿತ್ತು, ಅವರು ಹೇಗೆ ಸತ್ತರು, ಸತ್ತಾಗ ಇದು ಅವರ ಮೈಮೇಲೆ ಇತ್ತಾ? ಎಲುಬಿನ ಗೂಡಿನ ಬೆರಳಲ್ಲಿ ಇನ್ನೂ ಉಂಗುರ ಇದೆ ಅಂದರೆ ಯಾರೂ ಯಾಕೆ ತೆಗೆದುಕೊಂಡಿಲ್ಲ ಅಂತ ಕೇಳಿಕೊಳ್ಳಿ. ಶಾಪ ತಗುಲಿದ ಮೇಲೆ ರಿಮೂವ್ ಕರ್ಸ್ ಸ್ಪೆಲ್ ನಿಮ್ಮ ಮತ್ತು ವಸ್ತುವಿನ ಬಂಧ ಕಡಿಯುತ್ತದೆ, ಆಗ ಕಳಚಿ ಎಸೆಯಬಹುದು. ವಸ್ತುವಿನ ಶಾಪ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಮಾರಿದರೆ ಮುಂದೆ ಯಾರಿಗೆ ಏನಾಗುತ್ತದೋ ಅದು ನಿಮ್ಮ ಪಾತ್ರದ ಲೆಕ್ಕಕ್ಕೇ ಬರುತ್ತದೆ, ಅಲ್ವಾ? ಗುಂಪಿನಲ್ಲಿ ಅದರ ಬಗ್ಗೆ ಒಂದು ತೀರ್ಮಾನ ಆಗಲಿ.

ಇದನ್ನೆಲ್ಲ ಸೇರಿಸಿದರೆ ಹೇಗಿರುತ್ತದೆ

ಒಂದು ಉದಾಹರಣೆ ಕೊಡುತ್ತೇನೆ. ದೀಪಸ್ತಂಭ ಕಾಯುತ್ತಿದ್ದವಳು, ಈಗ ಸಮುದ್ರದ ಆಳದ ಯಾವುದೋ ಶಕ್ತಿಗೆ ಮಾತು ಕೊಟ್ಟು ವಾರ್ಲಾಕ್ ಆಗಿದ್ದಾಳೆ. ಕೈಯಲ್ಲಿ ದೀಪದ ಒಡೆದ ಮಸೂರದ ತುಂಡು, ಅದೇ ಅವಳ ಫೋಕಸ್. ಅಂಚು ಚೂಪು, ಹಾಗಾಗಿ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ಎಡ ಸೊಂಟದಲ್ಲಿ ಎರಡು ಪೋಶನ್, ಬಲಕ್ಕೆ ಎಣ್ಣೆಯ ಸೀಸೆ ಮತ್ತು ಸೀಮೆಸುಣ್ಣ. ಮೈಮೇಲೆ ನೀರೊಳಗೆ ಉಸಿರಾಡಲು ಬಿಡುವ ಕ್ಯಾಪ್ ಆಫ್ ವಾಟರ್ ಬ್ರೀದಿಂಗ್. ಬೆನ್ನ ಚೀಲದಲ್ಲಿ ಹಗ್ಗ, ಊಟ, ಹಡಗುಗಳ ಹೆಸರು ಬರೆದಿಡುತ್ತಿದ್ದ ದಾಖಲೆ ಪುಸ್ತಕ. ಅಡಗಿಸಿಟ್ಟಿದ್ದು ಒಂದೇ, ರವಿಕೆಯೊಳಗೆ ಹೊಲಿದ ಕಬ್ಬಿಣದ ಕೀಲಿ, ಅವಳು ದೀಪ ಆರಿಸಿದ ರಾತ್ರಿಯದು. ಮಾಂತ್ರಿಕ ಅನ್ನಿಸಿಕೊಳ್ಳುವ ವಸ್ತು ಇದರಲ್ಲಿ ತೀರಾ ಕಡಿಮೆ. ಆದರೂ ಗೇಮ್ ಮಾಸ್ಟರ್‌ಗೆ ಹತ್ತು ಆಟಕ್ಕೆ ಆಗುವಷ್ಟು ಕಥೆ ಇದೆ, ಆಟಗಾರ್ತಿಗೆ ಯಾವ ಹೊತ್ತಿಗೆ ಕೈ ಎಲ್ಲಿ ಹೋಗುತ್ತದೆ ಅನ್ನುವುದೂ ಗೊತ್ತಿದೆ.

ಹೆಜ್ಜೆ 8: ಕಾರ್ಡ್ ಮಾಡಿ, ವಾರಸುದಾರರನ್ನು ಬರೆಯಿರಿ

ಮುಖ್ಯವಾದ ಪ್ರತಿ ವಸ್ತುವಿಗೂ ಅಂಗೈ ಅಗಲದ ಒಂದು ಕಾರ್ಡ್ ಮಾಡಿ. ಮುಂದೆ ಹೆಸರು, ಜಾಗ, ಏನು ಮಾಡುತ್ತದೆ, ಎಷ್ಟು ಚಾರ್ಜ್. ಚಾರ್ಜನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ದಿನಾ ಅಳಿಸಬೇಕಾಗುತ್ತದೆ. ವಸ್ತುವನ್ನು ಇನ್ನೊಬ್ಬರಿಗೆ ಕೊಟ್ಟಾಗ ಕಾರ್ಡನ್ನೇ ಕೈಗೆ ಕೊಡಿ, ಆಗ ಅದು ಯಾರ ಬಳಿ ಇದೆ ಅನ್ನುವ ಗೊಂದಲ ಇರುವುದಿಲ್ಲ. ಕದ್ದು ಹೋದರೆ ಗೇಮ್ ಮಾಸ್ಟರ್ ಕಾರ್ಡ್ ತೆಗೆದುಕೊಳ್ಳಲಿ.

ಹಿಂದೆ ಎರಡು ಸಾಲು: ಎಲ್ಲಿಂದ ಬಂತು, ನಾನು ಸತ್ತರೆ ಯಾರಿಗೆ. ಎರಡನೆಯದನ್ನು ಪಾತ್ರದ ದನಿಯಲ್ಲೇ ಬರೆಯಿರಿ, ಗುಂಪಿಗೆ ಮೊದಲೇ ತೋರಿಸಬೇಕಾಗಿಲ್ಲ. ಹೊಸ ಒಡೆಯರಿಗೆ ಒಂದು ಗಂಟೆ ಕೂತು ಅಟ್ಯೂನ್ ಆಗುವ ಸಮಯ ಬೇಕು ಅನ್ನುವುದು ನೆನಪಿರಲಿ. ಹಾಗಾಗಿ ಯುದ್ಧದ ನಡುವೆ ಸತ್ತವರ ಕತ್ತಿ ಎತ್ತಿಕೊಂಡರೂ ಅದರ ಪೂರ್ತಿ ಬಲ ಅಲ್ಲೇ ಸಿಗುವುದಿಲ್ಲ. ಇಂಥ ಸಂದರ್ಭಕ್ಕೆ ಅಟ್ಯೂನ್‌ಮೆಂಟ್ ಕೇಳದ ಒಂದು ವಸ್ತುವನ್ನಾದರೂ ಸೊಂಟದಲ್ಲಿ, ಗೆಳೆಯರ ಕೈಗೆ ಸುಲಭವಾಗಿ ಸಿಗುವ ಕಡೆ ಇಟ್ಟುಕೊಳ್ಳಿ, ಅದು ಎಲ್ಲಿದೆ ಅಂತ ಅವರಿಗೆ ಮೊದಲೇ ಹೇಳಿಡಿ.